ಕಸ ಎದ್ದು ನಿಂತಿತು

ಕುಂಡದ ಸಿಹಿಗೆಣಸಿನ ಬಳ್ಳಿಯಲ್ಲಿ ಎಲೆಯೆಲೆಗೂ ತೂತು. ಕಳ್ಳನನ್ನು ಹುಡುಕಿ ಎಲೆ ಮಗುಚಿದರೆ ಸಿಕ್ಕಿದ್ದು ಒಣಗಿದ ಕಸದ ಚೂರು. ಹಕ್ಕಿಯ ಹಿಕ್ಕೆಯಿರಬೇಕೆಂದು ಉಗುರಿನಿಂದ ಚಿಮ್ಮಲು ಹೋದೆ. ಕಸ ಎದ್ದು ನಿಂತು, ನನ್ನ ಬೆರಳಿನತ್ತ ವಾಲಿ, ಮತ್ತೆ ಮಲಗಿತು.

ಭೂತಗನ್ನಡಿ ಹಿಡಿದಾಗ ಅಡಿಯಲ್ಲಿದ್ದ ಮರಿಹುಳು ಕಂಡಿತು. ಹಸಿರು, ಚಪ್ಪಟೆ, ಅಂಚಿನ ಸುತ್ತ ಕವಲೊಡೆದ ಮುಳ್ಳು. ಬಾಲದ ತುದಿಯ ಕವೆಯನ್ನು ಬೆನ್ನ ಮೇಲಕ್ಕೆ ಮಡಚಿಕೊಂಡಿತ್ತು. ಕವೆಯ ಮೇಲೆ ಕಳಚಿದ ಪೊರೆಗಳು, ಅವುಗಳಿಗೆ ಮೆತ್ತಿದ ಸ್ವಂತ ಹಿಕ್ಕೆ. ಆಮೆ ದುಂಬಿಯ ಮರಿ ಇದು. ಬೆಳೆಯುವಾಗ ಪೊರೆ ಬಿಟ್ಟರೂ ಬಿಸಾಡುವುದಿಲ್ಲ, ಕವೆಯಲ್ಲೇ ಪೇರಿಸುತ್ತದೆ. ತುದಿಯಲ್ಲಿರುವ ಪುಟ್ಟ ಪೊರೆ ಅದರ ಮೊದಲ ಅಂಗಿ. ಹಿಕ್ಕೆ ಹಾಕುವ ರೀತಿಯಂತೂ ವಿಚಿತ್ರ: ಗುದದ ಕೊಳವೆಯನ್ನು ಉದ್ದಕ್ಕೆ ಚಾಚಿ, ಗಾರೆ ಮೆತ್ತುವವನಂತೆ ಬೇಕಾದ ಜಾಗಕ್ಕೇ ಮೆತ್ತುತ್ತದೆ.

ಅಷ್ಟರಲ್ಲಿ ಇರುವೆಯೊಂದು ಬಂದು ಅದರ ಪಕ್ಕೆಯನ್ನು ಮುಟ್ಟಿತು. ಮುಟ್ಟಿದ ಕಡೆಗೇ ಕೊಡೆ ವಾಲಿತು. ಇರುವೆಯ ಮೀಸೆ ಹಿಕ್ಕೆಗೆ ತಾಗಿದ್ದೇ ತಡ, ಅದು ಹಿಂದೆ ಸರಿದು, ಮುಂಗಾಲಿನಿಂದ ಮೀಸೆ ಒರೆಸಿಕೊಳ್ಳುತ್ತಾ ನಿಂತಿತು. ಅಸಹ್ಯವೆನ್ನುವುದು ಮನುಷ್ಯನ ಸ್ವತ್ತೇನಲ್ಲ!

ಕುತೂಹಲ ತಡೆಯದೆ ನಾನೊಂದು ತಪ್ಪು ಮಾಡಿದೆ. ಚಿಮಟದಿಂದ ಇನ್ನೊಂದು ಮರಿಯ ಹೊರೆ ಕಿತ್ತೆ. ಬೆತ್ತಲಾದ ಹುಳು ಬರಿಯ ಕವೆಯನ್ನೇ ಬೀಸುತ್ತಿತ್ತು. ಮರುದಿನ ಬೆಳಿಗ್ಗೆ ಅಲ್ಲಿ ಹಸಿ ಹಿಕ್ಕೆಯ ಒಂದು ತುಣುಕು ಅಂಟಿತ್ತು. ಹಿಕ್ಕೆ ಮತ್ತೆ ಕೂಡಿಬರುತ್ತದೆ. ನಾನು ಕಿತ್ತ ಪೊರೆಗಳು ಬರುವುದಿಲ್ಲ. ಆಮೇಲೆ ಚಿಮಟ ಮುಟ್ಟಲಿಲ್ಲ.

ಮರಿಗಳು ಎಲೆಗೇ ಅಂಟಿ ಕೋಶವಾದವು. ಹೊರಬಂದ ದುಂಬಿ ಮೊದಲು ಮಂಕಾಗಿತ್ತು, ಕೆಲವು ದಿನಗಳಲ್ಲಿ ಅಪ್ಪಟ ಚಿನ್ನವಾಯಿತು. ಬಣ್ಣ ಬಳಿದ ಚಿನ್ನವಲ್ಲ. ಪಾರದರ್ಶಕ ಚಿಪ್ಪಿನೊಳಗಿನ ತೆಳು ಪದರಗಳಲ್ಲಿ ತೇವವಿದ್ದಾಗ ಬೆಳಕು ಪ್ರತಿಫಲಿಸಿ ಮೂಡುವ ಹೊಳಪು. ಸತ್ತು ಒಣಗಿದರೆ ಅದೂ ಹೋಗುತ್ತದೆ, ಹಾಗಾಗಿ ಸಂಗ್ರಹದ ಪೆಟ್ಟಿಗೆಗಳಲ್ಲಿ ಈ ದುಂಬಿ ಕಂದು ಚುಕ್ಕೆಯಷ್ಟೇ. ಒಂದನ್ನು ಎತ್ತಿಕೊಳ್ಳಲು ನೋಡಿದೆ. ಕಾಲು, ಮೀಸೆಗಳನ್ನು ಚಿಪ್ಪಿನಡಿ ಎಳೆದುಕೊಂಡು ಎಲೆಗೆ ಕಚ್ಚಿಕೊಂಡಿತು. ಎಲೆ ಹರಿದೀತೆನಿಸಿ ಬಿಟ್ಟುಬಿಟ್ಟೆ.

ಬಳ್ಳಿ ಈಗ ಜರಡಿಯಂತಿದೆ. ಔಷಧಿ ಹೊಡೆದಿಲ್ಲ.