‘ಮಾಡಿಸಿದೆ’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಎಲ್ಲಿ ಹುಡುಕೋದು?

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಬಂದು ರೂಮ್ ಮಾಡಿಕೊಂಡು ಓದುವವರೇ ಜಾಸ್ತಿ. ಪದದ ಅರ್ಥ ಕೇಳಲು ಅವರು ನನ್ನ ಹತ್ತಿರ ಬರುವುದಿಲ್ಲ, ಅದು ಮೊಬೈಲ್‌ನಲ್ಲೇ ಸಿಗುತ್ತದೆ. ‘ಸರ್, ಹಿಂಗ ಹೇಳಬೇಕಾದ್ರ ಇಂಗ್ಲಿಷ್‌ನ್ಯಾಗ ಏನಂತಾರ್ರೀ? ಏನಂತ ಹುಡುಕಬೇಕ್ರೀ?’ ಅಂತ ಬರುತ್ತಾರೆ. ಕಷ್ಟ ಇರುವುದು ಅಲ್ಲೇ. ಆ ರಚನೆಗೆ ಏನು ಹೆಸರು ಅಂತ ಗೊತ್ತಿಲ್ಲದಿದ್ದರೆ ವ್ಯಾಕರಣದ ಪುಸ್ತಕ ಕೈಯಲ್ಲಿದ್ದರೂ ಯಾವ ಪುಟ ತೆಗೆಯಬೇಕು ಅಂತ ತಿಳಿಯುವುದಿಲ್ಲ.

‘ನಿನ್ನೆ ಬೈಕ್ ರಿಪೇರಿ ಮಾಡಿಸಿದೆ’ ಅನ್ನುವುದನ್ನೇ ನೋಡಿ. ಹುಡುಗರು ಥಟ್ಟನೆ ‘ಐ ರಿಪೇರ್ಡ್ ಮೈ ಬೈಕ್’ ಅನ್ನುತ್ತಾರೆ. ಹಾಗಂದರೆ ಪಾನಾ ಹಿಡಿದು ನಾನೇ ಸರಿಮಾಡಿದೆ ಅಂತ ಆಗುತ್ತದೆ. ನಮ್ಮಲ್ಲಿ ‘ಇಸು’ ಸೇರಿಸಿದರೆ ಸಾಕು: ಹೊಲಿ ಹೊಲಿಸು ಆಗುತ್ತದೆ, ಕಟ್ಟು ಕಟ್ಟಿಸು ಆಗುತ್ತದೆ. ಶಾಲೆಯಲ್ಲಿ ಇದನ್ನು ಪ್ರೇರಣಾರ್ಥಕ ಅಂತ ಓದಿರುತ್ತೇವೆ. ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ಕಾಸಟಿವ್ ಅನ್ನುತ್ತಾರೆ.

ಹೆಸರು ಗೊತ್ತಿಲ್ಲದಾಗ ನಾನು ಹೇಳಿಕೊಡುವ ದಾರಿ ಇದು. ನಿಮಗೆ ಗೊತ್ತಿರುವ ಇಂಗ್ಲಿಷ್ ವಾಕ್ಯದಿಂದ ಬೈಕ್, ಟೇಲರ್, ಅಂಗಿ ಎಲ್ಲ ತೆಗೆದುಹಾಕಿ. ವಸ್ತು ಇದ್ದ ಕಡೆ ‘ಸಮ್‌ಥಿಂಗ್’, ಮನುಷ್ಯ ಇದ್ದ ಕಡೆ ‘ಸಮ್‌ವನ್’, ಕೆಲಸ ಇದ್ದ ಕಡೆ ‘ಡೂ’ ಅಥವಾ ‘ಡನ್’ ಇಡಿ. ‘ಐ ಗಾಟ್ ಮೈ ಬೈಕ್ ರಿಪೇರ್ಡ್’ ಅನ್ನುವುದು ‘ಗೆಟ್ ಸಮ್‌ಥಿಂಗ್ ಡನ್’ ಆಯಿತು. ಅದರ ಮುಂದೆ ‘ಗ್ರಾಮರ್’ ಅಂತ ಸೇರಿಸಿ ಹುಡುಕಿ. ಪುಸ್ತಕಗಳೂ ರಚನೆಗಳನ್ನು ಹೀಗೇ ಬರೆಯುತ್ತವೆ, ಅದಕ್ಕೇ ಸಿಗುತ್ತದೆ.

ಸಿಕ್ಕ ಮೇಲೆ ಇನ್ನೊಂದು ವಿಷಯ ಕಾಣುತ್ತದೆ, ನನಗೆ ತುಂಬಾ ಇಷ್ಟವಾದದ್ದು. ನಮ್ಮ ಒಂದೇ ‘ಮಾಡಿಸಿದೆ’ಗೆ ಇಂಗ್ಲಿಷ್‌ನಲ್ಲಿ ಬೇರೆ ಬೇರೆ ದಾರಿಗಳಿವೆ. ಒತ್ತಾಯ ಮಾಡಿ ಮಾಡಿಸಿದರೆ ‘ಮೇಡ್ ಹಿಮ್ ಡೂ ಇಟ್’. ಹೇಳಿ ಒಪ್ಪಿಸಿ ಮಾಡಿಸಿದರೆ ‘ಗಾಟ್ ಹಿಮ್ ಟು ಡೂ ಇಟ್’, ಇಲ್ಲಿ ಮಾತ್ರ ‘ಟು’ ಬರುತ್ತದೆ. ಸುಮ್ನೆ ಕೆಲಸ ವಹಿಸಿ ಮಾಡಿಸಿದರೆ ‘ಹ್ಯಾಡ್ ಹಿಮ್ ಡೂ ಇಟ್’. ಪರೀಕ್ಷೆಯಲ್ಲಿ ತಪ್ಪು ಹುಡುಕಲು ಕೊಡುವುದು ಈ ‘ಟು’ ಇರುವ, ಇಲ್ಲದಿರುವ ಜಾಗದಲ್ಲೇ. ಹಾಗಂತ ‘ಇಸು’ ಕಂಡಲ್ಲೆಲ್ಲ ಇದನ್ನು ಹಾಕಬೇಕಿಲ್ಲ. ಗೋಳಗುಮ್ಮಟವನ್ನು ಮೊಹಮ್ಮದ್ ಆದಿಲ್ ಶಾ ಕಟ್ಟಿಸಿದ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಬರೀ ‘ಬಿಲ್ಟ್’ ಅಂದರೂ ಸರಿಯೇ, ಸುಲ್ತಾನ ತಾನೇ ಕಲ್ಲು ಹೊತ್ತ ಅಂತ ಯಾರೂ ತಿಳಿಯುವುದಿಲ್ಲ. ಬೈಕ್ ವಿಷಯದಲ್ಲಿ ಆ ಅನುಕೂಲ ಇಲ್ಲ.

‘ಐದು ವರ್ಷದಿಂದ ಇಲ್ಲೇ ಇದ್ದೇನೆ’ ಅನ್ನುವುದೂ ಹೀಗೇ. ಇಂಟರ್‌ವ್ಯೂನಲ್ಲಿ ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ಬಂದುಬಿಡುತ್ತದೆ. ನಮ್ಮ ‘ಇಂದ’ ಎರಡೂ ಕಡೆ ನಡೆಯುತ್ತದೆ. ಅವರಲ್ಲಿ ಅವಧಿಗೆ ‘ಫಾರ್’, ಶುರುವಾದ ಹೊತ್ತಿಗೆ ‘ಸಿನ್ಸ್’, ಜೊತೆಗೆ ‘ಹ್ಯಾವ್ ಬೀನ್’ ಬೇಕು. ಹುಡುಕಬೇಕಾದ ಹೆಸರು ಪ್ರೆಸೆಂಟ್ ಪರ್ಫೆಕ್ಟ್.

ಇಂಥದ್ದಕ್ಕೆಲ್ಲ ಇಂಗ್ಲಿಷ್–ಕನ್ನಡ ನಿಘಂಟಿಗಿಂತ ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ಕಲಿಯುವವರಿಗಂತಲೇ ಮಾಡಿದ ನಿಘಂಟು, ಒಳ್ಳೆಯದು. ಎ. ಎಸ್. ಹಾರ್ನ್‌ಬಿ ಅನ್ನುವವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅಲ್ಲಿನ ವಿದ್ಯಾರ್ಥಿಗಳಿಗೆ ಅರ್ಥ ಗೊತ್ತಿದ್ದರೂ ವಾಕ್ಯ ಕೂಡುತ್ತಿರಲಿಲ್ಲ, ನಮ್ಮವರ ಪಾಡೂ ಅದೇ ಅಲ್ವಾ? ಅವರ ತಂಡದ ನಿಘಂಟು 1942ರಲ್ಲಿ ಜಪಾನಿನಲ್ಲೇ ಬಂತು, ಕ್ರಿಯಾಪದದ ಮುಂದೆ ಏನು ಬರಬೇಕು ಅಂತ ಅದರಲ್ಲಿ ತೋರಿಸಿದ್ದರು. ಈಗಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ‘ಎಂಜಾಯ್’ ತೆಗೆದರೆ ‘ಡೂಯಿಂಗ್ ಸಮ್‌ಥಿಂಗ್’ ಅಂತ ಜೊತೆಗೇ ಇರುತ್ತದೆ.

ಮೊನ್ನೆ ಒಬ್ಬಳು ‘ಕಪ್ ಒಡದಬಿಟ್ಟೆ’ ಅನ್ನುವುದರ ‘ಬಿಟ್ಟೆ’ಗೆ ಏನಂತಾರ್ರೀ ಅಂತ ಕೇಳಿದಳು. ಅದಕ್ಕೆ ಸರಿಹೊಂದುವ ಒಂದೇ ರಚನೆ ಇಂಗ್ಲಿಷ್‌ನಲ್ಲಿ ಇಲ್ಲ. ಬೇಜಾರಿದ್ದರೆ ‘ಐಯಾಮ್ ಅಫ್ರೇಡ್ ಐ ಬ್ರೋಕ್ ಇಟ್’, ಬೇಕಂತ ಮಾಡಿದ್ದಲ್ಲ ಅನ್ನಬೇಕಿದ್ದರೆ ‘ಐ ಆಕ್ಸಿಡೆಂಟಲಿ ಬ್ರೋಕ್ ಇಟ್’ ಅಂತ ಎರಡನ್ನೂ ಬೋರ್ಡ್ ಮೇಲೆ ಬರೆದೆ. ‘ಹಂಗಾರ ಮೊದಲನೇದು ಅವ್ವಗ ಹೇಳೂದ್ರೀ’ ಅಂದಳು.