ಫ್ಲಾಟ್, ರಾಕ್, ಸರೌಂಡ್: ಕಣ್ಣು ಮುಚ್ಚಿ ಕೇಳಿದ ಒಂದು ಮಧ್ಯಾಹ್ನ

ನಮ್ಮ ಸಿಡಿ ಪ್ಲೇಯರಿನ ರಿಮೋಟ್‌ನಲ್ಲಿ ‘ಇಕ್ಯೂ’ ಅಂತ ಒಂದು ಬಟನ್ ಇದೆ. ಇಕ್ಯೂ ಅಂದರೆ ಇಕ್ವಲೈಸರ್, ಕೆಳಗಿನ, ನಡುವಿನ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ. ಒತ್ತುತ್ತಾ ಹೋದರೆ ಡಿಸ್‌ಪ್ಲೇಯಲ್ಲಿ ಫ್ಲಾಟ್, ರಾಕ್, ಪಾಪ್, ಜಾಝ್, ಕ್ಲಾಸಿಕಲ್ ಅಂತ ಹೆಸರುಗಳು ಬಂದು ಹೋಗುತ್ತವೆ. ಪಕ್ಕದಲ್ಲಿ ಸರೌಂಡ್, ಅದರ ಕೆಳಗೆ ಲೌಡ್‌ನೆಸ್. ಈ ಬಟನ್‌ಗಳ ವಿಷಯದಲ್ಲಿ ನನಗೂ ಅಕ್ಕನಿಗೂ ಮೊದಲಿನಿಂದಲೂ ವಾದ. ರಾಕ್ ಮೋಡ್ ಇಲ್ಲದಿದ್ದರೆ ಹಾಡಿಗೆ ಜೀವವೇ ಇಲ್ಲ ಅನ್ನುತ್ತಾಳೆ ಅವಳು. ನನಗೆ ಫ್ಲಾಟ್ ಬೇಕು, ಅಂದರೆ ಏನನ್ನೂ ಏರಿಸದೆ, ಇಳಿಸದೆ ಸಿಡಿಯಲ್ಲಿ ಇದ್ದ ಹಾಗೆಯೇ.

ಒಂದು ರಜೆಯ ಮಧ್ಯಾಹ್ನ, ಸುಮ್ನೆ ಮಾತಾಡುವುದು ಬೇಡ, ಕೇಳಿಯೇ ನೋಡೋಣ ಅಂತ ಕೂತೆವು. ಒಬ್ಬರು ಕಣ್ಣು ಮುಚ್ಚಿ ಕೂರುವುದು, ಇನ್ನೊಬ್ಬರು ಯಾವ ಮೋಡ್ ಅಂತ ಹೇಳದೆ ರಿಮೋಟ್ ಒತ್ತುವುದು. ಒಂದು ನಿಯಮ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಮೋಡ್ ಬದಲಾಯಿಸಿದಾಗಲೆಲ್ಲ ಒಟ್ಟು ಸೌಂಡು ಮೊದಲಿನಷ್ಟೇ ಇರುವ ಹಾಗೆ ವಾಲ್ಯೂಮ್ ಸರಿಮಾಡಬೇಕು. ಬಾಸ್ (ಕೆಳಗಿನ ಸ್ವರಗಳು), ಟ್ರೆಬಲ್ (ಮೇಲಿನ ಸ್ವರಗಳು) ಏರಿಸುವ ಮೋಡ್‌ಗಳು ಸಹಜವಾಗಿ ಸ್ವಲ್ಪ ಜೋರಾಗಿರುತ್ತವೆ. ಒಂದೆರಡು ಡೆಸಿಬಲ್ ಜಾಸ್ತಿಯಾದರೆ ‘ಜೋರಾಯಿತು’ ಅಂತ ಕಿವಿಗೆ ಗೊತ್ತಾಗದೇ ಹೋಗಬಹುದು, ಆದರೆ ‘ಚೆನ್ನಾಯಿತು’ ಅಂತ ಅನ್ನಿಸಿಬಿಡುತ್ತದೆ. ಇದನ್ನು ಸಮ ಮಾಡದೆ ಹೋಲಿಸಿದರೆ ಗೆಲ್ಲುವುದು ವಾಲ್ಯೂಮ್, ಮೋಡ್ ಅಲ್ಲ.

ಮೊದಲು ಹಾಕಿದ್ದು ಒಂದು ದನಿ, ಒಂದು ಗಿಟಾರ್ ಅಷ್ಟೇ ಇರುವ ಸಿಡಿ. ಅದರಲ್ಲಿ ಗಾಯಕಿ ಪ್ರತಿ ಸಾಲಿಗೆ ಮುಂಚೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಬೆರಳು ತಂತಿಯ ಮೇಲೆ ಜಾರುವಾಗ ‘ಕಿರ್’ ಅಂತ ಸಣ್ಣ ಸದ್ದು ಬರುತ್ತದೆ. ಫ್ಲಾಟ್‌ನಲ್ಲಿ ಉಸಿರು ದನಿಯ ಜೊತೆಗೇ ಇತ್ತು, ಕಿರ್ ಸದ್ದು ಗಿಟಾರ್ ಜೊತೆಗಿತ್ತು. ಅಕ್ಕ ಏನೋ ಒತ್ತಿದಳು. ಕಿರ್ ಸದ್ದು ಒಮ್ಮೆಲೇ ಮುಂದೆ ಬಂತು. ‘ಸ’, ‘ಶ’ ಇರುವ ಕಡೆಯೆಲ್ಲ ದನಿ ಚೂಪಾಯಿತು. ದನಿಯ ಮೈ ಮಾತ್ರ ತೆಳ್ಳಗಾಗಿ ಹಿಂದೆ ಸರಿಯಿತು. ಕಣ್ಣು ಬಿಡದೆಯೇ ಹೇಳಿದೆ, ಇದು ರಾಕ್ ಅಂತ.

ಹೀಗಾಗುವುದಕ್ಕೆ ಕಾರಣ ಇದೆ. ರಾಕ್ ಅನ್ನುವ ಸೆಟ್ಟಿಂಗ್ ಸಾಮಾನ್ಯವಾಗಿ ಕೆಳಗಿನ ಮತ್ತು ಮೇಲಿನ ಸ್ವರಗಳನ್ನು ಏರಿಸಿ ನಡುವಿನದನ್ನು ಹಾಗೇ ಬಿಡುತ್ತದೆ, ಇಲ್ಲವೇ ತಗ್ಗಿಸುತ್ತದೆ. ಮನುಷ್ಯರ ಮಾತು ಇರುವುದೇ ಆ ನಡುವಿನಲ್ಲಿ. ಹಳೆಯ ಟೆಲಿಫೋನ್‌ಗಳು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಕಳಿಸುತ್ತಿದ್ದವು. ಮಾತು ಅರ್ಥವಾಗಲು ಅಷ್ಟೇ ಸಾಕಾಗುತ್ತಿತ್ತು. ಎರಡು ತುದಿಗಳನ್ನು ಏರಿಸಿದರೆ ನಡುವೆ ನಿಂತು ಹಾಡುವವಳು ಹಿಂದಾಗದೆ ಇನ್ನೇನಾಗುತ್ತಾಳೆ?

ಆಮೇಲೆ ಡ್ರಮ್, ಬಾಸ್ ಗಿಟಾರ್ ತುಂಬಿದ ಸಿಡಿ ಬಂತು. ಇಲ್ಲಿ ಅಕ್ಕನ ಮಾತೇ ಸರಿ. ನಮ್ಮ ಸ್ಪೀಕರ್‌ಗಳು ಚಿಕ್ಕವು, ಕೆಳಗಿನ ಸ್ವರಗಳನ್ನು ಪೂರ್ತಿ ಕೊಡುವ ಶಕ್ತಿ ಅವಕ್ಕಿಲ್ಲ. ರಾಕ್ ಮೋಡ್ ಆ ಕೊರತೆಯನ್ನು ಒಂದಿಷ್ಟು ತುಂಬಿಕೊಟ್ಟಿತು. ಕಣ್ಣು ಮುಚ್ಚಿಯೂ ನಾನು ಅದನ್ನೇ ಆರಿಸಿದೆ, ಖುಷಿಯಿಂದಲೇ.

ಆದರೆ ವಾಲ್ಯೂಮ್ ಏರಿಸಿದಾಗ ಕಥೆಯೇ ಬೇರೆ. ಸ್ಪೀಕರಿನ ಬಲೆ ತೆಗೆದು ನೋಡಿದೆವು. ಕೋನ್, ಅಂದರೆ ಅದುರಿ ಸದ್ದು ಹುಟ್ಟಿಸುವ ಆಲಿಕೆಯಂಥ ಭಾಗ, ಎದ್ದು ಕಾಣುವ ಹಾಗೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತಿತ್ತು. ಒಂದೊಂದೇ ಏಟಾಗಿ ಕೇಳಬೇಕಿದ್ದ ಡ್ರಮ್ ಮಂಕಾಗಿ ‘ಭೊಂ ಭೊಂ’ ಅನ್ನುತ್ತಿತ್ತು. ಬಾಸನ್ನು 10 ಡೆಸಿಬಲ್ ಏರಿಸಿದರೆ ಆ ಸ್ವರಗಳಿಗೆ ಹತ್ತು ಪಟ್ಟು ಶಕ್ತಿ ಬೇಕು. 1 ವಾಟ್ ಸಾಕಾಗಿದ್ದ ಕಡೆ 10 ವಾಟ್. ಚಿಕ್ಕ ಪ್ಲೇಯರ್ ಎಲ್ಲಿಂದ ತರಬೇಕು? 1990ರ ದಶಕದ ಕೊನೆಯಿಂದ ಬಂದ ಎಷ್ಟೋ ಸಿಡಿಗಳಲ್ಲಿ ಸೌಂಡನ್ನು ಮೊದಲೇ ಮೇಲಿನ ಮಿತಿಯವರೆಗೆ ತುಂಬಿರುತ್ತಾರೆ. ಅಂಥ ಡಿಸ್ಕ್‌ಗೆ ಡಿಜಿಟಲ್ ಇಕ್ವಲೈಸರ್‌ನಲ್ಲಿ ಇನ್ನಷ್ಟು ಏರಿಸಿದರೆ ಅಲೆಯ ತಲೆ ಕತ್ತರಿಸಿಹೋಗಿ ಸದ್ದು ಒರಟಾಗಬಹುದು. ಅದಕ್ಕೇ ನನಗೆ ಏರಿಸುವುದಕ್ಕಿಂತ ಇಳಿಸುವುದು ಇಷ್ಟ. ಬಾಸ್ ಕಮ್ಮಿ ಅನ್ನಿಸಿದರೆ ಟ್ರೆಬಲ್ ಒಂದೆರಡು ಹೆಜ್ಜೆ ಇಳಿಸಿ ವಾಲ್ಯೂಮ್ ಸ್ವಲ್ಪ ಏರಿಸಿ ನೋಡಿ. ಅಥವಾ ಸ್ಪೀಕರನ್ನು ಗೋಡೆಗೆ ಹತ್ತಿರ ಸರಿಸಿ. ಗೋಡೆ ಪುಕ್ಕಟೆಯಾಗಿ ಬಾಸ್ ಕೊಡುತ್ತದೆ, ಮೂಲೆ ಇನ್ನೂ ಜಾಸ್ತಿ ಕೊಡುತ್ತದೆ.

ಸರೌಂಡ್ ಒತ್ತಿದಾಗ ಇಬ್ಬರಿಗೂ ಒಂದೇ ಅಭಿಪ್ರಾಯ. ಮೊದಲ ಕ್ಷಣ ಕೋಣೆ ದೊಡ್ಡದಾದ ಹಾಗಿತ್ತು. ಮರುಕ್ಷಣ ಹಾಡುವವಳು ಎಲ್ಲಿ ಅಂತ ಹುಡುಕುವಂತಾಯಿತು. ಎರಡೇ ಸ್ಪೀಕರಿನ ಇಂಥ ಎಷ್ಟೋ ಎಫೆಕ್ಟ್‌ಗಳು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನು ತೆಗೆದು ಅದನ್ನೇ ದೊಡ್ಡದು ಮಾಡುತ್ತವೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ, ಹಾಗಾಗಿ ನಡುವಿನಿಂದ ಬಂದಂತೆ ಕೇಳುತ್ತದೆ. ಎಡದಿಂದ ಬಲವನ್ನು ಕಳೆದರೆ ಆ ದನಿಯೇ ಹೊರಟುಹೋಗುತ್ತದೆ ಅಲ್ವಾ? ಹಾಡಿಗಾಗಿ ಹಾಡು ಕೇಳುವವರು ಈ ಬಟನ್ ಮುಟ್ಟದಿರುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಲೌಡ್‌ನೆಸ್ ಬಟನ್ ನನಗೆ ಇಷ್ಟವಾದದ್ದು ಅದೇ ದಿನ ರಾತ್ರಿ. ಎಲ್ಲರೂ ಮಲಗಿದ್ದರು, ವಾಲ್ಯೂಮ್ ತೀರಾ ಕಮ್ಮಿ ಇಟ್ಟಿದ್ದೆ. ಮಧ್ಯಾಹ್ನ ತುಂಬಿಕೊಂಡಿದ್ದ ಗಿಟಾರ್ ಈಗ ತಗಡಿನ ಹಾಗೆ ಕೇಳುತ್ತಿತ್ತು. ಪ್ಲೇಯರ್ ಸರಿಯಾಗಿಯೇ ಇತ್ತು, ಬದಲಾಗಿದ್ದು ಕಿವಿ. ಸದ್ದು ಕಮ್ಮಿಯಾದಷ್ಟೂ ಕೆಳಗಿನ ಸ್ವರಗಳು ನಮಗೆ ಬೇಗ ಮರೆಯಾಗುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ಗೆರೆ ಎಳೆದು ತೋರಿಸಿದ್ದರು. ಆ ಕಳೆದುಹೋದದ್ದನ್ನು ವಾಪಸ್ ಕೊಡಲೆಂದೇ ಲೌಡ್‌ನೆಸ್ ಇರುವುದು. ಒತ್ತಿದೆ. ಗಿಟಾರಿನ ದಪ್ಪ ತಂತಿಗಳು ಮತ್ತೆ ಕೇಳಿಸಿದವು. ವಾಲ್ಯೂಮ್ ಏರಿಸುವ ಅಗತ್ಯವೇ ಬರಲಿಲ್ಲ.

ಈಗ ರಾತ್ರಿ ಮೆಲ್ಲಗೆ ಕೇಳುವಾಗ ಲೌಡ್‌ನೆಸ್ ಆನ್, ಹಗಲಲ್ಲಿ ಆಫ್. ಡ್ರಮ್ ಇರುವ ಸಿಡಿಗೆ ರಾಕ್, ಅದೂ ಹದವಾದ ವಾಲ್ಯೂಮ್‌ನಲ್ಲಿ. ಮಿಕ್ಕ ಎಲ್ಲಕ್ಕೂ ಫ್ಲಾಟ್. ಕರೆಂಟ್ ಹೋಗಿ ಬಂದರೆ ನಮ್ಮ ಪ್ಲೇಯರ್ ಎಲ್ಲ ಮರೆತು ತಾನಾಗಿ ರಾಕ್‌ಗೆ ಹೋಗಿ ಕೂರುತ್ತದೆ, ಅದಕ್ಕೆ ಪ್ಲೇ ಒತ್ತುವ ಮುಂಚೆ ಡಿಸ್‌ಪ್ಲೇ ಒಮ್ಮೆ ನೋಡಿಕೊಳ್ಳುತ್ತೇನೆ.