ಕಲಬುರಗಿಯ ಸುತ್ತ ಸುಣ್ಣದ ಕಲ್ಲು ನೋಡಲು ಹೊರಡುವವರಿಗೆ

ಕಲಬುರಗಿಯ ಸುತ್ತಲಿನ ಶಿಲೆಗಳನ್ನು ನೋಡಲು ಹೋಗುವವರು ಇಡೀ ದಿನಕ್ಕೆ ಕಾರು ಗೊತ್ತುಮಾಡಿಕೊಳ್ಳದಿರುವುದೇ ಒಳ್ಳೆಯದು. ನಮಗೆ ಕಾರು ಕೊಟ್ಟವರು ಶಹಾಬಾದ್, ಮಳಖೇಡ, ಸನ್ನತಿ ಮೂರನ್ನೂ ಒಂದೇ ಬಾಡಿಗೆಗೆ ತೋರಿಸಲು ಒಪ್ಪಿದ್ದರು. ಸನ್ನತಿ ತಲುಪಿದ ಮೇಲೆ ವೇಟಿಂಗ್ ಲೆಕ್ಕವೇ ಬೇರೆ ಎಂದು ಪಟ್ಟುಹಿಡಿದು, ಮಾತಾಡಿದ್ದರ ಹೆಚ್ಚುಕಡಿಮೆ ಎರಡರಷ್ಟು ಹಣ ವಸೂಲು ಮಾಡಿದರು. ಅಲ್ಲಿಂದ ಮರಳಲು ಬೇರೆ ವಾಹನ ಸುಲಭವಾಗಿ ಸಿಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಹಣಕ್ಕಿಂತ ಹೆಚ್ಚು ನೋವಾದದ್ದು, ಕಲ್ಲಿನ ಮುಂದೆ ನಿಂತಾಗಲೆಲ್ಲ ಹೊರಡಿ ಎಂದು ಅವಸರಪಡಿಸಿದ್ದು.

ಕಲಬುರಗಿಯಿಂದ ಶಹಾಬಾದ್, ವಾಡಿ ಮಾರ್ಗವಾಗಿ ಯಾದಗಿರಿಗೆ ಹೋಗುವ ರೈಲಿನಲ್ಲಿ ಹಗಲು ಹೊತ್ತು ಕಿಟಕಿಯ ಪಕ್ಕ ಕುಳಿತರೆ, ನೆಲ ಎರಡು ಬಾರಿ ಬದಲಾಗುವುದು ಕಾಣುತ್ತದೆ. ಕಲಬುರಗಿ ನಗರವಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಬಸಾಲ್ಟ್ ಶಿಲೆಯ ಮೇಲೆ. ಅಲ್ಲಿನ ಎರೆಮಣ್ಣು ಅದು ಸವೆದು ಆದದ್ದು. ಶಹಾಬಾದಿನ ಕಡೆಗೆ ಬರುತ್ತಿದ್ದಂತೆ ಲಾವಾದ ಹೊದಿಕೆ ಮುಗಿದು ಅದರಡಿಯ ಸುಣ್ಣದ ಕಲ್ಲು ಮೇಲೆ ಕಾಣಿಸಿಕೊಳ್ಳುತ್ತದೆ. ವಾಡಿ ದಾಟಿ ಯಾದಗಿರಿ ಸಮೀಪಿಸಿದರೆ ಗ್ರಾನೈಟಿನ ಗುಡ್ಡಗಳು. ಇಷ್ಟು ಕಡಿಮೆ ದೂರದಲ್ಲಿ ಇಷ್ಟೊಂದು ಬದಲಾವಣೆಯನ್ನು ನಾನು ನಿರೀಕ್ಷಿಸಿರಲಿಲ್ಲ.

ಭೂವಿಜ್ಞಾನಿಗಳು ಭೀಮಾ ಗುಂಪು ಎಂದು ಕರೆಯುವ ಈ ಸುಣ್ಣದ ಕಲ್ಲು ಕೇಂಬ್ರಿಯನ್ ಯುಗಕ್ಕೂ ಹಿಂದೆ, ಅಂದರೆ ಸುಮಾರು 54 ಕೋಟಿ ವರ್ಷಗಳಿಗೂ ಮೊದಲು, ಸಮುದ್ರದ ತಳದಲ್ಲಿ ಪದರಪದರವಾಗಿ ಕೂಡಿದ್ದು. ಚಿಪ್ಪು ಕಟ್ಟುವ ಜೀವಿಗಳು ಆಗಿನ್ನೂ ಇರಲಿಲ್ಲವಾದ್ದರಿಂದ ಇಲ್ಲಿ ಶಂಖ, ಚಿಪ್ಪುಗಳ ಪಳೆಯುಳಿಕೆ ಹುಡುಕುವುದು ವ್ಯರ್ಥ. ಪದರಗಳು ತೆಳುವಾಗಿ, ಸಮತಟ್ಟಾಗಿ ಇರುವುದರಿಂದಲೇ ಇದು ಹಲಗೆಗಳಂತೆ ಬಿಡಿಸಿಕೊಂಡು ಬರುತ್ತದೆ. ನಮ್ಮ ಹಳೆಯ ಮನೆಗಳಿಗೆ ಹಾಸಿದ ಶಹಾಬಾದಿ ಫರ್ಸಿ ಇದೇ.

ಆದರೆ ಕಲ್ಲು ನೋಡಲು ಗಣಿಗೇ ಹೋಗಬೇಕಾಗಿಲ್ಲ. ಕೆಲಸ ನಡೆಯುವ ಗಣಿಗೆ ಮಾಲೀಕರ ಒಪ್ಪಿಗೆ ಬೇಕು, ಧೂಳು ವಿಪರೀತ; ಕೈಬಿಟ್ಟ ಗುಂಡಿಗಳಲ್ಲಿ ಆಳವಾಗಿ ನೀರು ನಿಂತಿರುತ್ತದೆ, ನಾವು ಕಂಡ ಕಡೆ ಬೇಲಿಯೂ ಇರಲಿಲ್ಲ. ಮಕ್ಕಳೊಂದಿಗೆ ಆ ಕಡೆ ಹೋಗಲೇಬೇಡಿ. ಇನ್ನು, ವಿಚಾರಿಸುವಾಗ ಶಹಾಬಾದ್ ಎಂದು ಬಿಡಿಸಿ ಹೇಳಿ. ಮಲಗಿದ ಬುದ್ಧನ ಆಕಾರದ ಬೆಟ್ಟವಿರುವ ಶಹಾಪುರ ಯಾದಗಿರಿ ಜಿಲ್ಲೆಯ ಬೇರೆಯೇ ಊರು, ಅಲ್ಲಿರುವುದು ಗ್ರಾನೈಟ್ ಜಾತಿಯ ಕಲ್ಲು.

ಗಣಿಗಿಂತ ಮಳಖೇಡ ಎಷ್ಟೋ ಮೇಲು. ಕಲಬುರಗಿಯಿಂದ ಸೇಡಂಗೆ ಹೋಗುವ ಬಸ್ಸಿನಲ್ಲಿ ಇಲ್ಲಿ ಇಳಿಯಬಹುದು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಇದೇ. ಕಾಗಿಣಾ ನದಿಯ ದಂಡೆಯ ಕೋಟೆ ಇದೇ ಸುಣ್ಣದ ಕಲ್ಲಿನದು. ನೀರು ಇಳಿದ ಕಾಲದಲ್ಲಿ ಹೋದರೆ ನದಿಯ ಅಂಚಿನ ಪದರಗಳನ್ನೂ ಗೋಡೆಯ ಕಲ್ಲುಗಳನ್ನೂ ಹೋಲಿಸಿ ನೋಡಬಹುದು. ಜನಸಂದಣಿ ಸಹಿಸದ ನನಗೆ ಇಲ್ಲಿ ಅರ್ಧ ದಿನ ಸಾಲಲಿಲ್ಲ.

ಊಟಕ್ಕೆ ಸೇಡಂ ಬಸ್ ನಿಲ್ದಾಣದ ಬಳಿಯ ಒಂದು ಚಿಕ್ಕ ಖಾನಾವಳಿಯನ್ನು ಮನಸಾರೆ ಹೊಗಳಬೇಕು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಸಾಕೆಂದರೂ ಬಡಿಸುವ ಅಮ್ಮ ಇನ್ನೊಂದನ್ನು ಹಾಕಿಯೇ ಹೋಗುತ್ತಿದ್ದರು. ಹಿಂದಿನ ರಾತ್ರಿ ಹೋಟೆಲಿನಲ್ಲಿ ತೆತ್ತ ಬೆಲೆಯ ಕಾಲುಭಾಗವೂ ಆಗಲಿಲ್ಲ. ಅಲ್ಲಿನ ನೆಲಕ್ಕೂ ಫರ್ಸಿಯನ್ನೇ ಹಾಸಿದ್ದರು. ಬೂದು, ನೇರಳೆ ಬಣ್ಣದ ಪಟ್ಟೆಗಳು ಕಾಲ್ತುಳಿತಕ್ಕೆ ನುಣುಪಾಗಿ, ಗಣಿಯಲ್ಲಿ ಕಂಡದ್ದಕ್ಕಿಂತ ಸ್ಪಷ್ಟವಾಗಿದ್ದವು.

ಸನ್ನತಿಗೆ ಮಾತ್ರ ವಾಹನ ಬೇಕು. ಹತ್ತಿರದ ರೈಲು ನಿಲ್ದಾಣ ನಾಲವಾರ. ಅಲ್ಲಿಂದ ಆಟೋ ಮಾತಾಡಿ, ಕಾಯುವ ಹೊತ್ತೂ ಸೇರಿಯೇ ದರ ಎಂದು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ. ಪಕ್ಕದ ಕನಗನಹಳ್ಳಿಯ ಶಾತವಾಹನರ ಕಾಲದ ಸ್ತೂಪದ ಶಿಲ್ಪಗಳೂ ಸುಣ್ಣದ ಕಲ್ಲಿನವೇ. ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಬರೆದ ಅಶೋಕನ ಚಿತ್ರಫಲಕ ದೊರೆತದ್ದು ಇಲ್ಲಿಯೇ. ಬೇಸಿಗೆಯ ಬಿಸಿಲು ಅಸಹನೀಯ, ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಅಂಟುತ್ತದೆ. ನವೆಂಬರಿನಿಂದ ಜನವರಿಯೊಳಗೆ, ಕುಡಿಯುವ ನೀರು ಹೊತ್ತುಕೊಂಡು ಹೋಗಿ.